ಸಿಂಕ್ರೊ ರಿಂಗಿನ ‘ವೇರ್’: ಸವೆತವೋ, ಸವಕಳಿಯೋ, ತೇಮಾನೋ?

ಪ್ರಶ್ನೆ: ಆಲ್ಫಾ ರೋಮಿಯೋ 105 ಸರಣಿಯ ಕಾರುಗಳ (1962ರ ಜೂಲಿಯಾ, ಆಮೇಲೆ ಬಂದ ಜಿಟಿವಿ, ಸ್ಪೈಡರ್) ಗೇರ್‌ಬಾಕ್ಸ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಸಿಂಕ್ರೊನೈಸರ್‌ಗೆ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಭಾಗ) ‘ಸಮಕಾಲಿಕಾರಕ’ ಎನ್ನಬಹುದೇ? ಅದು ಉಜ್ಜಿ ಉಜ್ಜಿ ತೆಳುವಾಗುವ ‘ವೇರ್’ಗೆ ಸವೆತ, ಸವಕಳಿ, ತೇಮಾನು, ಈ ಮೂರರಲ್ಲಿ ಯಾವುದು? ‘ಗೇರ್ ಬೀಳ್ತಿಲ್ಲ’ ಎಂಬ ಒಂದೇ ಮಾತು ಎಲ್ಲ ದೋಷಕ್ಕೂ ಸಾಕೇ?

ಉತ್ತರ: ‘ಸಮಕಾಲಿಕಾರಕ’ ಖಂಡಿತ ಬೇಡ. ಅಲ್ಲಿ ಹೊಂದಿಸುವುದು ಕಾಲವನ್ನಲ್ಲ, ಸುತ್ತುವ ವೇಗವನ್ನು. ಗ್ಯಾರೇಜಿನವರು ಹೇಳುವ ಸಿಂಕ್ರೊ ರಿಂಗ್ ಎಂಬುದನ್ನೇ ಬರೆಯಿರಿ. ‘ಬಳೆ’ ಚೆನ್ನಾಗಿ ಕೇಳಿಸುತ್ತದೆ, ಆದರೆ ಓದುಗರ ಕಣ್ಣಿಗೆ ಮುಚ್ಚಿದ ವೃತ್ತ ಬರುತ್ತದೆ. ಈ ಕಾರುಗಳಲ್ಲಿರುವುದು ಪೋರ್ಷೆ ಮಾದರಿಯದು: ಒಂದು ಕಡೆ ಸೀಳಿರುವ ಉಕ್ಕಿನ ರಿಂಗ್, ಹೊರಮೈಗೆ ಮಾಲಿಬ್ಡಿನಮ್ ಲೇಪ. ಗೇರ್ ಹಾಕಿದಾಗ, ಜಾರಿ ಬಂದು ಗೇರನ್ನು ಹಿಡಿಯುವ ಸ್ಲೀವಿನ ಒಳಮೈ ರಿಂಗನ್ನು ಉಜ್ಜುತ್ತದೆ. ವೇಗದಲ್ಲಿ ವ್ಯತ್ಯಾಸವಿರುವಷ್ಟು ಹೊತ್ತು ರಿಂಗ್ ತುಸು ತಿರುಗಿ, ಒಳಗಿನ ಪಟ್ಟಿಗಳನ್ನು ಒತ್ತಿ, ತಾನೇ ಹಿಗ್ಗಿ ಸ್ಲೀವಿಗೆ ಅಡ್ಡ ನಿಲ್ಲುತ್ತದೆ. ವೇಗ ಸರಿಹೋದೊಡನೆ ಕುಗ್ಗಿ ದಾರಿ ಬಿಡುತ್ತದೆ. ಲೇಪ ಹೋದರೆ ಈ ಹಿಡಿತವೇ ಹೋಗುತ್ತದೆ.

ಹಾಗಾಗಿ ‘ಸವೆತ’ ಸರಿ. ‘ತೇಮಾನು’ ಅಕ್ಕಸಾಲಿಗರ ಲೆಕ್ಕದ ಮಾತು. ‘ಸವಕಳಿ’ ಎಂದರೆ ಮಣ್ಣಿನ ಸವಕಳಿ, ಲೆಕ್ಕಪತ್ರದ ಸವಕಳಿ ನೆನಪಾಗುತ್ತದೆ. ಬಿಡಿಭಾಗಕ್ಕೆ ವಿಶೇಷಣ ಬೇಕಾದಲ್ಲಿ ‘ಸವಕಲು ರಿಂಗ್’ ಎನ್ನಿ. ಸವಕಲು ನಾಣ್ಯ ಎನ್ನುವುದಿಲ್ಲವೇ, ಹಾಗೆ.

ಎರಡನೇ ಗೇರಿನ ರಿಂಗೇ ಮೊದಲು ಸವೆಯುವುದೇಕೆ ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಈ ಸರಣಿಯ ‘1750’ ಎಂಬ ಮಾದರಿಯಲ್ಲಿ ಒಂದರಿಂದ ಐದರವರೆಗಿನ ಗೇರ್ ಅನುಪಾತಗಳು 3.30, 1.99, 1.35, 1.00, 0.79. ಎಂಜಿನ್ 5000 ಆರ್‌ಪಿಎಂನಲ್ಲಿದ್ದಾಗ ಒಂದರಿಂದ ಎರಡಕ್ಕೆ ಹೋದರೆ ಸುಮಾರು 3000ಕ್ಕೆ ಇಳಿಯಬೇಕು, ಅಂದರೆ 2000ದಷ್ಟು ವ್ಯತ್ಯಾಸ. ನಾಲ್ಕರಿಂದ ಐದಕ್ಕೆ ಅದು 1050 ಮಾತ್ರ. ಆ ಹೆಚ್ಚಿನ ವ್ಯತ್ಯಾಸವನ್ನೆಲ್ಲ ಉಜ್ಜಿ ತಗ್ಗಿಸುವುದು ಅದೊಂದೇ ರಿಂಗ್.

‘ಗೇರ್ ಬೀಳ್ತಿಲ್ಲ’ ಸಾಲದು. ಕನಿಷ್ಠ ಮೂರು ಮಾತು ಬೇಕು, ಮೂರೂ ಬಾಯಲ್ಲಿ ಇರುವಂಥವೇ. ‘ಗೇರ್ ಬಿಗಿ’ ಎಂದರೆ ಶಬ್ದವಿಲ್ಲದೆ ಕಷ್ಟಪಟ್ಟು ಬೀಳುವುದು. ಬೆಳಗ್ಗೆ ಮಾತ್ರ ಹೀಗಾದರೆ ಎಣ್ಣೆ ತಣ್ಣಗಿದ್ದು ಗಟ್ಟಿಯಾಗಿರುವುದೇ ಹೆಚ್ಚಾಗಿ ಕಾರಣ. ‘ಗರ್ ಅನ್ನುತ್ತೆ’ ಎಂದರೆ ವೇಗ ಹೊಂದುವ ಮುಂಚೆಯೇ ಹಲ್ಲಿಗೆ ಹಲ್ಲು ತಾಗುವುದು. ಕಾರು ಬಿಸಿಯಾದ ಮೇಲೂ ಹೀಗಾದರೆ ರಿಂಗಿನ ಮೇಲೆ ಅನುಮಾನ. ‘ಗೇರ್ ಕಳಚಿಕೊಳ್ಳುತ್ತೆ’ ಎಂದರೆ ಓಡುತ್ತಿರುವಾಗ ತಾನಾಗಿ ನ್ಯೂಟ್ರಲ್‌ಗೆ ಬರುವುದು. ಇದಕ್ಕೆ ಸಿಂಕ್ರೊವನ್ನು ದೂರುವವರೇ ಜಾಸ್ತಿ, ಆದರೆ ಡಾಗ್ ಹಲ್ಲಿನ (ಸ್ಲೀವ್ ಕಚ್ಚಿಕೊಳ್ಳುವ ಹಲ್ಲು) ಅಂಚು ದುಂಡಗಾಗಿರುವುದು, ಸ್ಲೀವನ್ನು ಸರಿಸುವ ಫೋರ್ಕ್ ಸವೆದಿರುವುದು, ಗೇರನ್ನು ಜಾಗದಲ್ಲಿ ನಿಲ್ಲಿಸುವ ಗುಂಡನ್ನು ಒತ್ತುವ ಸ್ಪ್ರಿಂಗ್ ಸೋತಿರುವುದು, ಇವನ್ನು ಮೊದಲು ನೋಡಬೇಕು.

‘ಗರ್’ ಎಂದೊಡನೆ ಬಾಕ್ಸ್ ಇಳಿಸಬಾರದು. ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಐದಾರು ಸೆಕೆಂಡು ಕಾದು ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೊ ಇಲ್ಲ, ಆದ್ದರಿಂದ ಅಲ್ಲೂ ಗರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ರಿವರ್ಸ್ ಸದ್ದಿಲ್ಲದೆ ಬಿದ್ದು, ಎರಡನೇ ಗೇರ್ ಡಬಲ್ ಕ್ಲಚ್ ಮಾಡಿದಾಗ (ನಡುವೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಮತ್ತೆ ಒತ್ತಿದಾಗ) ಮಾತ್ರ ಸುಮ್ಮನಾದರೆ ಸಿಂಕ್ರೊ ಸವೆದಿದೆ ಎಂದು ಬರೆಯಬಹುದು.

ಎಣ್ಣೆಯ ವಿಷಯದಲ್ಲಿ ‘ಒಳ್ಳೆಯ ಜಾರು’ ಎಂಬ ಹೊಗಳಿಕೆ ಇಲ್ಲಿ ತಿರುಗುಬಾಣ. ಹಿತ್ತಾಳೆ ರಿಂಗಿನ ಗೇರ್‌ಬಾಕ್ಸ್‌ಗಳಲ್ಲಿ ಕೆಲವು ಜಿಎಲ್-5 (ಗೇರ್ ಎಣ್ಣೆಯ ಒಂದು ದರ್ಜೆ) ಎಣ್ಣೆಗಳ ಗಂಧಕ ಲೋಹವನ್ನೇ ತಿನ್ನುತ್ತದೆ. ಆಲ್ಫಾದ್ದು ಉಕ್ಕಿನ ರಿಂಗ್, ಆ ಭಯ ಕಡಿಮೆ. ಆದರೆ ಎಣ್ಣೆ ಅತಿ ಜಾರಾದರೆ ರಿಂಗ್ ಹಿಡಿಯುವುದೇ ಇಲ್ಲ. ಅದಕ್ಕೇ ಜಿಎಲ್-4 ದರ್ಜೆಯ 80ಡಬ್ಲ್ಯೂ-90 (ಎಣ್ಣೆಯ ಗಟ್ಟಿತನದ ಗುರುತು) ಕೇಳುವುದು.

ಇನ್ನೊಂದು: ‘ರಿಂಗ್ ಬದಲಿಸಿ’ ಎಂದಷ್ಟೇ ಬರೆದು ಬಿಡಬೇಡಿ. ಸ್ಲೀವಿನ ಒಳಮೈಯಲ್ಲಿ ಗೀರು, ಗುಂಡಿ ಬಿದ್ದಿದ್ದರೆ ಹೊಸ ರಿಂಗಿನ ಲೇಪವನ್ನು ಅದು ಬೇಗ ಕೆರೆದು ಹಾಕುತ್ತದೆ. ‘ರಿಂಗ್ ಮತ್ತು ಸ್ಲೀವ್ ಎರಡನ್ನೂ ನೋಡಿ’ ಎಂದಿರಲಿ.