ಹೊಗೆ ಕಾಣಿಸದ ವಾಹನದಿಂದಲೂ ಸೂಕ್ಷ್ಮ ಕಣಗಳು ಬರುತ್ತವೆಯೇ?

ಪ್ರಶ್ನೆ:
ಕಪ್ಪು ಹೊಗೆ ಕಾರುವ ವಾಹನಗಳು ಮೊದಲಿನಷ್ಟು ಕಾಣಿಸುತ್ತಿಲ್ಲ. ಆದರೂ ವಾಹನ ದಟ್ಟಣೆಯ ರಸ್ತೆಗಳ ಅಕ್ಕಪಕ್ಕ ಪಿಎಂ 2.5 ಹೆಚ್ಚಿರುತ್ತದೆ ಎಂದು ಓದುತ್ತೇವೆ. ಹೊಗೆ ಕಣ್ಣಿಗೆ ಬೀಳದಿದ್ದರೆ ಗಾಳಿ ಶುದ್ಧವೆಂದು ನಂಬಬಹುದೇ? ಮುಖ್ಯರಸ್ತೆಯ ಬದಿಯಲ್ಲೇ ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗುವವರು ಏನು ಮಾಡಬೇಕು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಖಂಡಿತ ನಂಬುವಂತಿಲ್ಲ. ಪಿಎಂ 2.5 ಎಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ವ್ಯಾಸದ ಕಣಗಳು. ಎಂಜಿನ್‌ನಿಂದ ಹೊರಬೀಳುವ ಕಣಗಳಲ್ಲಿ ಬಹುಪಾಲು ಇದಕ್ಕಿಂತಲೂ ಎಷ್ಟೋ ಚಿಕ್ಕವು, 0.1 ಮೈಕ್ರೋಮೀಟರಿಗೂ ಕಡಿಮೆ. ಇವುಗಳಿಗೆ ತೂಕವೇ ಇಲ್ಲವೆನ್ನುವಷ್ಟು ಕಡಿಮೆ ತೂಕವಿರುವುದರಿಂದ, ಗಾಳಿಯಲ್ಲಿನ ಕಣಗಳನ್ನು ತೂಕದಲ್ಲಿ ಮಾತ್ರ ಅಳೆದರೆ ಇವು ಲೆಕ್ಕಕ್ಕೇ ಸಿಗುವುದಿಲ್ಲ. ಆದ್ದರಿಂದಲೇ ಯೂರೋಪಿನ ಯೂರೋ 6 ನಿಯಮವು ಡೀಸೆಲ್ ಕಾರುಗಳಿಗೆ ಕಿಲೋಮೀಟರಿಗೆ 4.5 ಮಿಲಿಗ್ರಾಂ ಎಂಬ ತೂಕದ ಮಿತಿಯ ಜೊತೆಗೆ 60,000 ಕೋಟಿ ಕಣಗಳೆಂಬ ಸಂಖ್ಯೆಯ ಮಿತಿಯನ್ನೂ ಹಾಕಿದೆ. ಈ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುತ್ತವೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ವರ್ಗೀಕರಿಸಿದೆ.

ಉತ್ತರ 2:
ಮೇಲಿನ ಮಾತಿಗೆ ಒಂದು ಸೇರ್ಪಡೆ. ಹೊಸ ಡೀಸೆಲ್ ವಾಹನಗಳಲ್ಲಿ ಜೇನುಗೂಡಿನಂಥ ಪಿಂಗಾಣಿ ಫಿಲ್ಟರ್ ಇರುತ್ತದೆ. ಅದರ ಕೊಳವೆಗಳ ತುದಿಗಳನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿರುವುದರಿಂದ ಹೊಗೆಯು ಸಣ್ಣ ರಂಧ್ರಗಳುಳ್ಳ ಗೋಡೆಯ ಮೂಲಕವೇ ಹಾದುಹೋಗಬೇಕಾಗುತ್ತದೆ. ಮಸಿ ಒಳಗೇ ಉಳಿಯುತ್ತದೆ. ಆ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಬರೀ ಹತ್ತಿರದ ಓಡಾಟಕ್ಕೆ ಬಳಸುವ ವಾಹನ ಅಷ್ಟು ಬಿಸಿಯಾಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ ಕೆಲವರು ಖರ್ಚಿಗೆ ಹೆದರಿ ಅದನ್ನು ತೆಗೆಸಿಬಿಡುತ್ತಾರೆ, ಇದು ಅಕ್ಷಮ್ಯ. ಸೈಲೆನ್ಸರ್ ತಣ್ಣಗಿರುವಾಗ ಕೊಳವೆಯ ಒಳಬದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ: ಫಿಲ್ಟರ್ ಸರಿಯಿರುವ ಡೀಸೆಲ್ ವಾಹನದಲ್ಲಿ ಬಟ್ಟೆಗೆ ಮಸಿ ಹತ್ತುವುದೇ ಅಪರೂಪ. ದಪ್ಪ ಮಸಿ ಹತ್ತಿದರೆ ತಪಾಸಣೆ ಮಾಡಿಸಲೇಬೇಕು.

ಉತ್ತರ 3:
ಶಾಲೆಯ ದಾರಿಯ ಬಗ್ಗೆ ಹೇಳುವುದಾದರೆ, ವಾಹನದ ಹೊಗೆಯ ಕಣಗಳು ರಸ್ತೆಯಿಂದ ದೂರ ಸರಿದಂತೆ ಬೇಗನೆ ವಿರಳವಾಗುತ್ತವೆ. ಕೆಲವು ನೂರು ಮೀಟರ್‌ಗಳಲ್ಲಿ ಅವುಗಳ ಸಾಂದ್ರತೆ ಬಹಳಷ್ಟು ಇಳಿಯುತ್ತದೆ. ಹಾಗಾಗಿ ಸ್ವಲ್ಪ ಸುತ್ತಾದರೂ ಒಳರಸ್ತೆಯೇ ಮೇಲು. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಅವರ ಮುಖವೂ ಸೈಲೆನ್ಸರ್‌ನ ಎತ್ತರಕ್ಕೆ ಹತ್ತಿರವಿರುತ್ತದೆ. ಬಟ್ಟೆಯ ಮಾಸ್ಕ್ ಈ ಕಣಗಳನ್ನು ಹೆಚ್ಚೇನೂ ತಡೆಯದು. ಎನ್95 ಮಾಸ್ಕ್ ತಡೆಯುತ್ತದೆ, ಆದರೆ ಅದು ಮುಖಕ್ಕೆ ಸರಿಯಾಗಿ ಕೂರಬೇಕು, ಪುಟ್ಟ ಮಕ್ಕಳಿಗೆ ಅದು ಕಷ್ಟ.

ಉತ್ತರ 4:
ದಾರಿ ಬದಲಿಸಿಕೊಳ್ಳುವ ಹೊಣೆಯನ್ನೆಲ್ಲ ನಡೆಯುವವರ ಮೇಲೆ ಹೊರಿಸುವುದನ್ನು ನಾನು ಒಪ್ಪಲಾರೆ. ಶಾಲೆಯ ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ಕಾಯುವ ಪೋಷಕರು ಅದನ್ನು ಆರಿಸಲಿ. ಅದಕ್ಕೆ ಯಾವ ಖರ್ಚೂ ಇಲ್ಲ, ನಾಳೆಯೇ ಶುರುಮಾಡಬಹುದು.