ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ): ಸೆಟ್ಲಿಂಗ್ ಟ್ಯಾಂಕ್‌ನಲ್ಲಿ ಸ್ಲಡ್ಜ್ ಮೇಲೆ ತೇಲುತ್ತಿದೆ, ಸಹಾಯ ಬೇಕು

ವರ್ತೂರು_ನಿವಾಸಿ:
ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. ಎಸ್‌ಟಿಪಿಯಲ್ಲಿ ಕೆಸರು ತಳಕ್ಕೆ ಕೂರಬೇಕಾದ ಸೆಟ್ಲಿಂಗ್ ಟ್ಯಾಂಕ್ ಮೇಲೆ ಕಂದು ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಹೆಂಟೆ ಹೆಂಟೆಯಾಗಿ ತೇಲುತ್ತದೆ. ಫ್ಲಶ್‌ಗೆ ಹೋಗುವ ನೀರು ರಾಡಿ. ಫ್ಲ್ಯಾಟಿನವರೆಲ್ಲ ಗ್ರೂಪ್‌ನಲ್ಲಿ ಬೈಯುತ್ತಿದ್ದಾರೆ. ನಿರ್ವಹಣೆಯವರು ಬಂದು ಏನೋ ಪುಡಿ ಸುರಿದು ಬಿಲ್ ಕೊಟ್ಟು ಹೋಗುತ್ತಾರೆ, ಅಷ್ಟೇ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಸ್ಯಾಂಪಲ್‌ಗೆ ಬರುವ ಹೊತ್ತು. ಏನು ಮಾಡಲಿ?

ಗಾಳಿಯೇ_ಮುಖ್ಯ:
ನೀರಿಗೆ ಗಾಳಿ ಗುಳ್ಳೆ ಬಿಡುವ ಡಿಫ್ಯೂಸರ್ ಕಟ್ಟಿಕೊಂಡಿದೆ. ಗಾಳಿ ಊದುವ ಎರಡನೇ ಬ್ಲೋವರ್ ಕೂಡ ಹಾಕಿ. ಡಿಓ (ನೀರಲ್ಲಿ ಕರಗಿದ ಆಕ್ಸಿಜನ್) ಲೀಟರಿಗೆ 2 ಮಿ.ಗ್ರಾಂ ಕೆಳಗೆ ಇರಬಾರದು.

ವರ್ತೂರು_ನಿವಾಸಿ:
ಡಿಓ 3ರ ಹತ್ತಿರ ಇದೆ ಸರ್.

ಗಾಳಿಯೇ_ಮುಖ್ಯ:
ಮೀಟರ್ ಕ್ಯಾಲಿಬ್ರೇಟ್ ಮಾಡಿಸಿದ್ದೀರಾ? ಒಂದು ಮೂಲೆಯಲ್ಲಿ ಅಳೆದರೆ ಸಾಲದು. ಡಿಫ್ಯೂಸರ್ ಮೆಂಬ್ರೇನ್ ಎಲ್ಲಾ ಬದಲಿಸಿ, ನೋಡಿ.

ಹೊಯ್ಸಳ_ನಗರ:
ಬಿಓಡಿ (ನೀರಲ್ಲಿ ಉಳಿದ ಕೊಳೆಯ ಅಳತೆ, ಲೀಟರಿಗೆ ಮಿ.ಗ್ರಾಂ) 20ರ ಒಳಗೆ ಇದ್ದರೆ ಸಾಕು, ಗಾಬರಿ ಬೇಡ. 2017ರ ಕೇಂದ್ರದ ಅಧಿಸೂಚನೆಯಲ್ಲಿ ಮಹಾನಗರಗಳಿಗೆ ಅಷ್ಟೇ.

ಧಾರವಾಡ_ಲ್ಯಾಬ್:
ಇಲ್ಲ ಸರ್, 2019ರಲ್ಲಿ ಹಸಿರು ನ್ಯಾಯಮಂಡಳಿ 10 ಅಂದಿದೆ.

ಹೊಯ್ಸಳ_ನಗರ:
ಅದು ದೊಡ್ಡ ನಗರ ಘಟಕಗಳಿಗೆ ಅಂದುಕೊಂಡಿದ್ದೆ. ಅಪಾರ್ಟ್‌ಮೆಂಟಿಗೂ ಅನ್ವಯವಾ?

ಧಾರವಾಡ_ಲ್ಯಾಬ್:
ವಾದ ಬೇಡ. 1974ರ ಜಲ ಕಾಯ್ದೆಯಡಿ ಮಂಡಳಿ ಕೊಟ್ಟ ಒಪ್ಪಿಗೆ ಪತ್ರ ತೆಗೆದು ಓದಿ. ಅದರಲ್ಲಿ ಬರೆದಿರುವ ಅಂಕಿಯೇ ಲೆಕ್ಕ. ಈಗ ಸಮಸ್ಯೆಗೆ ಬರೋಣ. ಗಾಳಿ ಊದುವ ಏರೇಶನ್ ಟ್ಯಾಂಕಿನಿಂದ 1 ಲೀಟರ್ ತೆಗೆದು ಅಳತೆ ಜಾರ್‌ನಲ್ಲಿ 30 ನಿಮಿಷ ಬಿಡಿ. ಎಷ್ಟು ಕೂರುತ್ತದೆ ಹೇಳಿ. ಜಾರ್ ಖಾಲಿ ಮಾಡಬೇಡಿ, ಇನ್ನೂ ಒಂದೆರಡು ಗಂಟೆ ಹಾಗೇ ಇರಲಿ.

ನೀರು_ಉಳಿಸಿ:
ನಮ್ಮಲ್ಲಿ ಎಂಬಿಆರ್, ಅಂದರೆ ಸೋಸುವ ಪೊರೆ ಇರುವ ಬೇರೆ ಬಗೆಯ ಘಟಕ. ಸೆಟ್ಲಿಂಗ್ ಟ್ಯಾಂಕೇ ಇಲ್ಲ, ಮೆಂಬ್ರೇನ್ ಸೋಸಿ ಕೊಡುತ್ತದೆ. ನೀರು ಗಾಜಿನ ಹಾಗೆ. ತೋಟ ಪೂರ್ತಿ ಅದರಲ್ಲೇ ಬೆಳೆಯುತ್ತಿದೆ. ಫೋಟೋ ಬೇಕಾದರೆ ಹಾಕುತ್ತೇನೆ.

ವರ್ತೂರು_ನಿವಾಸಿ:
350 ಮಿಲಿ ಕೂತಿತು, ಮೇಲಿನ ನೀರು ತಿಳಿ. ಆಮೇಲೆ ಪೂರ್ತಿ ಸ್ಲಡ್ಜ್ ಗುಳ್ಳೆ ಬಿಟ್ಟುಕೊಂಡು ಮೇಲೆ ಬಂತು! ಲ್ಯಾಬ್ ವರದಿಯಲ್ಲಿ ಎಂಎಲ್‌ಎಸ್‌ಎಸ್ (ಏರೇಶನ್ ಟ್ಯಾಂಕಿನ ಒಂದು ಲೀಟರಿನಲ್ಲಿರುವ ಸ್ಲಡ್ಜ್, ಮಿ.ಗ್ರಾಂನಲ್ಲಿ) 3,500.

ಧಾರವಾಡ_ಲ್ಯಾಬ್:
ಹಾಗಾದರೆ ಎಸ್‌ವಿಐ (ಕೂತ ಮೇಲೆ 1 ಗ್ರಾಂ ಸ್ಲಡ್ಜ್ ಹಿಡಿಯುವ ಜಾಗ, ಮಿಲಿಯಲ್ಲಿ) 100. ಸ್ಲಡ್ಜ್ ಚೆನ್ನಾಗಿಯೇ ಕೂರುತ್ತಿದೆ. ಗಾಳಿ ಕಮ್ಮಿಯಾಗಿ ದಾರದಂಥ ಬ್ಯಾಕ್ಟೀರಿಯಾ ಬೆಳೆದಿದ್ದರೆ ಹೀಗೆ ಕೂರುವುದಿಲ್ಲ. ಇದು ನೈಟ್ರೇಟ್ ಕೆಲಸ. ಏರೇಶನ್‌ನಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಸ್ಲಡ್ಜ್ ಸೆಟ್ಲಿಂಗ್ ಟ್ಯಾಂಕಿನ ತಳದಲ್ಲಿ ಜಾಸ್ತಿ ಹೊತ್ತು ಬಿದ್ದಿದ್ದರೆ ಅಲ್ಲಿ ಆಕ್ಸಿಜನ್ ಮುಗಿದು, ಬ್ಯಾಕ್ಟೀರಿಯಾ ನೈಟ್ರೇಟ್ ಬಳಸಿ ನೈಟ್ರೋಜನ್ ಅನಿಲ ಬಿಡುತ್ತವೆ. ಆ ಗುಳ್ಳೆಗಳೇ ಹೆಂಟೆಗಳನ್ನು ಎತ್ತಿ ತರುತ್ತವೆ. ಇನ್ನೂ ಗಾಳಿ ಕೊಟ್ಟರೆ ನೈಟ್ರೇಟ್ ಜಾಸ್ತಿಯಾದೀತು. ತಳದ ಸ್ಲಡ್ಜನ್ನು ಏರೇಶನ್ ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಸ್ಲಡ್ಜ್ ಪಂಪ್ ದಿನವಿಡೀ ಓಡುತ್ತಿದೆಯಾ?

ವರ್ತೂರು_ನಿವಾಸಿ:
ರಾತ್ರಿ ಆಫ್. ಸದ್ದಿಗೆ ಕೆಳಗಿನ ಮನೆಯವರು ಜಗಳ ತೆಗೆದ ಮೇಲೆ ಟೈಮರ್ ಹಾಕಿಸಿದ್ದೇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಧಾರವಾಡ_ಲ್ಯಾಬ್:
ಅದೇ ಕಾರಣ ಸರ್! ಟೈಮರ್ ತೆಗೆದು ನಿರಂತರ ಓಡಿಸಿ. ಸದ್ದಿಗೆ ಪಂಪ್ ಕೆಳಗೆ ರಬ್ಬರ್ ಪ್ಯಾಡ್ ಹಾಕಿಸಿ. ಹೆಚ್ಚುವರಿ ಸ್ಲಡ್ಜ್ ದಿನಾ ತೆಗೆಯಿರಿ. ತೇಲಿದ್ದನ್ನು ನೀರು ಸಿಂಪಡಿಸಿ ಒಡೆಯಬಹುದು.

ಗಾಳಿಯೇ_ಮುಖ್ಯ:
ಸರಿ, ಆದರೂ ಡಿಫ್ಯೂಸರ್ ಒಮ್ಮೆ ನೋಡಿಸಿ.

ವರ್ತೂರು_ನಿವಾಸಿ:
ಟೈಮರ್ ತೆಗೆಸಿದೆ, ತೇಲುವುದು ಕಮ್ಮಿಯಾಗಿದೆ, ತುಂಬಾ ಧನ್ಯವಾದ. ಆದರೆ ಸ್ಲಡ್ಜ್ ಹಿಂಡಿ ನೀರು ತೆಗೆಯುವ ಫಿಲ್ಟರ್ ಪ್ರೆಸ್‌ನ ಬಟ್ಟೆ ಹರಿದಿದೆ, ಸ್ಲಡ್ಜ್ ತೆಗೆಯಲು ಆಗುತ್ತಿಲ್ಲ. ಬಟ್ಟೆ ಎಲ್ಲಿ ಸಿಗುತ್ತದೆ? ಗೊತ್ತಿರುವವರು ಬೇಗ ಹೇಳಿ.