ದೂರದ ಕಂಪನಿ ಜೊತೆ ಫೈನಲ್ ಇಯರ್ ಪ್ರಾಜೆಕ್ಟ್: ಎಲ್ಲೆಲ್ಲಿ ಎಡವುತ್ತೀವಿ?

ಕೇಳಿದ್ದು: ಸರ್, ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಕೊನೇ ವರ್ಷದಲ್ಲಿ ಓದ್ತಿದೀವಿ, ನಾಲ್ಕು ಜನ. ಅಮೆರಿಕದ ಕಂಪನಿಯೊಂದು ಮೆಕ್ಕೆಜೋಳದ ಕಾಳು ಬಿಡಿಸೋ ಸಣ್ಣ ಮಷೀನಿನ ಡ್ರಾಯಿಂಗ್ ಕಳಿಸಿದೆ. ಅದನ್ನ ನಮ್ಮ ಕಡೆಗೆ ಹೊಂದಿಸಿ, ಒಂದು ಮಾಡಿ ತೋರಿಸಬೇಕು. ಮಾತುಕತೆ ಎಲ್ಲ ಮೇಲ್, ವಿಡಿಯೊ ಕಾಲ್‌ನಲ್ಲೇ. ಮೊದಲೇ ಏನೇನು ನೋಡ್ಕೋಬೇಕು?

ಫ್ಯಾಬ್ರಿಕೇಶನ್ ಶೆಡ್ಡಿನವರು: ತಮ್ಮಾ, ಮೊದಲು ಟೈಟಲ್ ಬ್ಲಾಕಿನಲ್ಲಿ (ಡ್ರಾಯಿಂಗಿನ ಮೂಲೆಯಲ್ಲಿ ವಿವರ ಬರೆದಿರೋ ಚೌಕ) ತುದಿ ಕತ್ತರಿಸಿದ ಶಂಕುವಿನ ಗುರುತು ಹುಡುಕು. ಅವರದು ಥರ್ಡ್ ಆಂಗಲ್, ನೀವು ಕಲಿತದ್ದು ಫಸ್ಟ್ ಆಂಗಲ್. ಇವು ವಸ್ತುವಿನ ನೋಟಗಳನ್ನ ಹಾಳೆಯಲ್ಲಿ ಜೋಡಿಸೋ ಎರಡು ಪದ್ಧತಿ. ಅವರ ಹಾಳೆಯ ಬಲಕ್ಕೆ ಇರೋದು ಬಲಮಗ್ಗುಲ ನೋಟ. ನಮ್ಮಲ್ಲಿ ಅದೇ ಜಾಗದಲ್ಲಿ ಎಡಮಗ್ಗುಲು ಬರುತ್ತೆ. ಇದನ್ನ ಹೇಳದೆ ಪ್ರಿಂಟ್ ಕೊಟ್ರೆ ಬ್ರಾಕೆಟ್ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಆಗುತ್ತೆ. ಅಳತೆಯೆಲ್ಲ ಸರಿ, ಫ್ರೇಮಿಗೆ ಮಾತ್ರ ಕೂರಲ್ಲ.

ಆಮೇಲೆ ಇಂಚು. ಅವರ 1 ಇಂಚಿನ ಶಾಫ್ಟ್ ಅಂದ್ರೆ 25.4 ಮಿ.ಮೀ. ಇಲ್ಲಿ ಸುಲಭವಾಗಿ ಸಿಗೋ 6205 ಬೇರಿಂಗಿನ ಒಳವ್ಯಾಸ 25. ಆ 0.4ನ್ನ ಎಮರಿ ಪೇಪರಿನಲ್ಲಿ ಉಜ್ಜಿ ಕೂರಿಸೋಕೆ ಹೋಗಬೇಡಿ. ಶಾಫ್ಟ್ ದುಂಡಗೆ ಉಳಿಯಲ್ಲ, ಒಳರಿಂಗ್ ಜಾರಿ ಬಿಸಿಯಾಗುತ್ತೆ. ಶಾಫ್ಟನ್ನೇ 25ಕ್ಕೆ ಬದಲಿಸಿ 25.002ರಿಂದ 25.015ರ ಒಳಗೆ ಲೇತ್ ಮಾಡಿಸಿ, ಬೇರಿಂಗ್ ಕೂರೋ ಗೂಡು, ಅಂದ್ರೆ ಹೌಸಿಂಗ್, 52.000ರಿಂದ 52.030. ಜೋಳದ ಧೂಳು ಕೆಟ್ಟದ್ದು, ಎರಡೂ ಕಡೆ ರಬ್ಬರ್ ಸೀಲ್ ಇರೋ ಬೇರಿಂಗೇ ತಗೊಳ್ಳಿ. ತಗಡಿನ ದಪ್ಪ "10 ಗೇಜ್" ಅಂತ ಬರೆದಿದ್ರೆ ಅವರ ಲೆಕ್ಕದಲ್ಲಿ 3.42 ಮಿ.ಮೀ., ಬ್ರಿಟಿಷ್ ಗೇಜಿನಲ್ಲಿ 3.25. ಗೇಜ್ ಮಾತೇ ಬೇಡ, ಮಿ.ಮೀ. ಬರೆಸಿಕೊಳ್ಳಿ.

ಮೋಟಾರ್ ರಿವೈಂಡಿಂಗ್ ಮಾಡೋರು: ಅಲ್ಲಿ ಕರೆಂಟ್ 60 ಹರ್ಟ್ಸ್, ಇಲ್ಲಿ 50. ಅವರ ನಾಲ್ಕು ಪೋಲ್ ಮೋಟಾರ್ ನಿಮಿಷಕ್ಕೆ ಸುಮಾರು 1,750 ಸುತ್ತು, ನಮ್ಮದು 1,440ರ ಆಸುಪಾಸು. ಡ್ರಾಯಿಂಗಿನ ಪುಲ್ಲಿ ಹಾಗೇ ಇಟ್ರೆ ಕಾಳು ಬಿಡಿಸೋಕೆ ತಿರುಗೋ ರೋಟರ್ ಆರರಲ್ಲಿ ಒಂದು ಪಾಲು ನಿಧಾನ ಆಗಿ ಕಾಳು ತೆನೆಯಲ್ಲೇ ಉಳಿಯುತ್ತೆ. ಮೋಟಾರ್ ಪುಲ್ಲಿಯ ವ್ಯಾಸ 100 ಮಿ.ಮೀ. ಇದ್ರೆ 120 ಮಾಡಿ, ಬೆಲ್ಟ್ ಉದ್ದ ಮತ್ತೆ ಲೆಕ್ಕ ಹಾಕಿ. ಅಲ್ಲಿಂದ ಮೋಟಾರ್ ತರಿಸಬೇಡಿ.

ಪ್ರಾಜೆಕ್ಟ್ ಗೈಡ್ ಒಬ್ಬರು: ಅಮೆರಿಕದ ಪೂರ್ವ ಭಾಗದಲ್ಲಿ ಚಳಿಗಾಲದ ಬೆಳಿಗ್ಗೆ 8:30 ಅಂದ್ರೆ ನಮಗೆ ಸಂಜೆ 7. ಮಾರ್ಚ್‌ನಲ್ಲಿ ಅವರು ಗಡಿಯಾರ ಮುಂದಿಟ್ಟ ಮೇಲೆ ಅದೇ ಮೀಟಿಂಗ್ ನಮಗೆ 6ಕ್ಕೇ ಬರುತ್ತೆ. ಕಾಲ್ ಮುಗಿದ ರಾತ್ರಿಯೇ ಐದು ಸಾಲಿನ ಮೇಲ್ ಹಾಕಿ: ಏನು ತೀರ್ಮಾನ ಆಯ್ತು, ಯಾರು ಮಾಡಬೇಕು, ಯಾವ ತಾರೀಕಿಗೆ. ಕಂಪನಿ ಕಡೆಯಿಂದ ಇಬ್ಬರ ಹೆಸರು ಕೇಳಿ ಇಟ್ಕೊಳ್ಳಿ, ಒಬ್ಬರು ಕೆಲಸ ಬಿಟ್ರೆ ನಿಮ್ಮ ಸೆಮಿಸ್ಟರ್ ನಿಲ್ಲಬಾರದು. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ, "ರಿಪೋರ್ಟ್ ಲೈಬ್ರರಿಗೆ ಹೋಗುತ್ತೆ, ಹೊರಗಿನ ಪರೀಕ್ಷಕರು ನೋಡ್ತಾರೆ" ಅಂತ ಅದರಲ್ಲೇ ಬರೆಸಿ. ಪೇಟೆಂಟ್ ಯೋಚನೆ ಇದ್ರೆ ಅರ್ಜಿ ಹಾಕಿದ ಮೇಲಷ್ಟೇ ಪ್ರದರ್ಶನಕ್ಕಿಡಿ.

ಕೃಷಿ ಯಂತ್ರ ನೋಡಿಕೊಳ್ಳೋರು: "ಕಾಳು ಒಡೀತಿದೆ" ಅಂತ ಬರೆದ್ರೆ ಅಲ್ಲಿರೋರಿಗೆ ಏನೂ ತಿಳಿಯಲ್ಲ. ಹಸಿ ತೆನೆಯಲ್ಲಿ ಕಾಳು ಜಜ್ಜುತ್ತೆ, ತೀರಾ ಒಣಗಿದ್ರೆ ಸೀಳುತ್ತೆ. ಬಿಡಿಸಿದ ಕಾಳು 1 ಕೆ.ಜಿ. ತೂಗಿ, ಒಡೆದದ್ದನ್ನ ಕೈಯಲ್ಲಿ ಆರಿಸಿ ಬೇರೆ ತೂಗಿ. ಆ ಗ್ರಾಂ, ಮೀಟರ್ ತೋರಿಸಿದ ತೇವಾಂಶ, ರೋಟರಿನ ಸುತ್ತು, ಮೂರನ್ನೂ ಒಂದೇ ಸಾಲಿನಲ್ಲಿ ಬರೀರಿ. ಒಡೆದ ಕಾಳಿನ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು ಫೋಟೊ ಹಾಕಿ.